ನಕ್ಷತ್ರಗಳ ಮುಯ್ಯಿ

ಪುಟ್ಟತಾಯಮ್ಮ ಮೇಡಂ ಅವರಿಗೆ ಇರುಳುಗಣ್ಣು. ಸಂಜೆ ಬೆಳಕು ಇಳಿಯಿತೆಂದರೆ ಎದುರಿಗೆ ನಿಂತ ಎಮ್ಮೆಯೂ ಅವರಿಗೆ ಕಾಣುತ್ತಿರಲಿಲ್ಲ. ಹುಟ್ಟಿನಿಂದಲೇ ಬಂದದ್ದು. ಮಂಡ್ಯದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತ, ಜೀವಮಾನವಿಡೀ ನಕ್ಷತ್ರಗಳ ಮೇಲೆ ಸಂಶೋಧನೆ ಮಾಡಿದ ಈ ಹೆಂಗಸು ಆಕಾಶದಲ್ಲಿ ಒಂದು ಚುಕ್ಕಿಯನ್ನೂ ಕಂಡವರಲ್ಲ. ಹೊಸದಾಗಿ ಪರಿಚಯವಾದವರು ಇದನ್ನು ಕೇಳಿ ಅಯ್ಯೋ ಪಾಪ ಎಂದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. "ಯಾಕೆ, ನಾನೂ ಒಂದು ನಕ್ಷತ್ರ ನೋಡಿವ್ನಿ ಕಣಪ್ಪ. ಸೂರ್ಯ. ಆದ್ರೆ ಅದು ಒಬ್ಬಂಟಿ, ನನ್ನ ಕೆಲಸಕ್ಕೆ ಬರಾಕಿಲ್ಲ" ಎನ್ನುತ್ತಿದ್ದರು.

ಅವರ ಕೆಲಸ ಜೋಡಿ ನಕ್ಷತ್ರಗಳದ್ದು. ಆಕಾಶದಲ್ಲಿ ಬೇಕಾದಷ್ಟು ನಕ್ಷತ್ರಗಳು ಎರಡೆರಡಾಗಿ ಒಂದನ್ನೊಂದು ಸುತ್ತುತ್ತಿರುತ್ತವೆ. ಜೋಡಿಯಲ್ಲಿ ದೊಡ್ಡದು ಬೇಗ ಉರಿದು, ಉಬ್ಬಿ, ಮೈಮೇಲಿನದನ್ನೆಲ್ಲ ಕಳಚಿಕೊಂಡು, ಕೊನೆಗೆ ಭೂಮಿಯಷ್ಟೇ ಗಾತ್ರದ ಒಂದು ಬಿಳಿ ಕೆಂಡವಾಗಿ ಉಳಿಯುತ್ತದೆ. ಅದಕ್ಕೆ ಶ್ವೇತಕುಬ್ಜ ಎಂದು ಹೆಸರು. ಒಲೆ ಆರಿದ ಮೇಲೂ ಬೂದಿಯೊಳಗೆ ಕಾವು ಉಳಿದಿರುತ್ತದಲ್ಲ, ಹಾಗೆ. ಇಂಥ ಜೋಡಿಯ ಬಾಳು ಕೋಟ್ಯಂತರ ವರ್ಷಗಳದ್ದು. ಕಾದು ಕುಳಿತು ನೋಡುವುದು ಯಾರಿಂದಲೂ ಆಗದ ಮಾತು. ಅದಕ್ಕೇ ಮೇಡಂ ಕಂಪ್ಯೂಟರಿನೊಳಗೆ ಲಕ್ಷಾಂತರ ಸುಳ್ಳು ಜೋಡಿಗಳನ್ನು ಹುಟ್ಟಿಸುತ್ತಿದ್ದರು. ಒಂದೊಂದಕ್ಕೂ ಒಂದೊಂದು ತೂಕ, ಒಂದೊಂದು ಅಂತರ. ಅವನ್ನೆಲ್ಲ ಲೆಕ್ಕದಲ್ಲೇ ಬೆಳೆಸಿ, ಮುದಿಯಾಗಿಸಿ, ಕೊನೆಗೆ ಯಾವ ಥರದವು ಎಷ್ಟು ಉಳಿದವು ಎಂದು ನೋಡಿ, ದೂರದರ್ಶಕಗಳು ಕಂಡ ನಿಜವಾದ ಜೋಡಿಗಳ ಪಕ್ಕ ಇಡುವುದು. ಹೊಂದಿದರೆ ನಮ್ಮ ತಿಳಿವಳಿಕೆ ಸರಿ. ಹೊಂದದಿದ್ದರೆ ಎಲ್ಲೋ ತಪ್ಪಿದ್ದೇವೆ.

ನಾನು ಅವರ ಬಳಿ ಪಿಎಚ್‌.ಡಿ.ಗೆ ಸೇರಿದೆ ಎಂದಾಗ ಮದ್ದೂರಿನಲ್ಲಿ ಅರ್ಚಕರಾಗಿರುವ ನಮ್ಮಪ್ಪ ಪಂಚಾಂಗದಿಂದ ತಲೆ ಎತ್ತಿ, "ಇರೋ ಇಪ್ಪತ್ತೇಳು ನಕ್ಷತ್ರಾನೇ ಸಂಭಾಳಿಸಕ್ಕಾಗ್ತಿಲ್ಲ, ನೀವು ಸುಳ್ಳು ನಕ್ಷತ್ರ ಬೇರೆ ಹುಟ್ಟಿಸ್ತೀರೇನೋ?" ಎಂದರು. ಮರುದಿನ ಇದನ್ನು ಮೇಡಂಗೆ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕು, "ನಿಮ್ಮಪ್ಪಂಗೆ ಹೇಳು, ನಮ್ಮವಕ್ಕೆ ಗೋತ್ರ ಕೇಳಾಕಿಲ್ಲ" ಎಂದರು.

ಅವರ ಕೋಣೆ ಕಾಲೇಜಿನ ಹಿಂಭಾಗದಲ್ಲಿತ್ತು. ಕಿಟಕಿಗಳಿಗೆ ಪರದೆ ಇರಲಿಲ್ಲ. ಬೆಳಕು ಎಷ್ಟು ಬಂದರೂ ಅವರಿಗೆ ಸಾಲದು. ನಕ್ಷತ್ರದ ಚಿತ್ರವೆಂದರೆ ಎಲ್ಲ ಕಡೆ ಕಪ್ಪು ಹಾಳೆಯ ಮೇಲೆ ಬಿಳಿ ಚುಕ್ಕಿ. ಮೇಡಂ ಕೋಣೆಯಲ್ಲಿ ಮಾತ್ರ ಬಿಳಿ ಹಾಳೆಯ ಮೇಲೆ ಕಪ್ಪು ಚುಕ್ಕಿ, ಅದೂ ಸಾಸಿವೆ ಕಾಳಿನಷ್ಟು ದಪ್ಪ. ಗೋಡೆಗೆ ಅಂಟಿಸಿದ ಅಂಥ ಹಾಳೆಗಳೇ ಅವರ ಆಕಾಶ. ನಾವು ಮಾಡಿದ ಕೆಲಸವೆಲ್ಲ ಹಗಲಿನದೇ. ಖಗೋಳ ವಿಜ್ಞಾನಿಗಳೆಂದರೆ ರಾತ್ರಿಯಿಡೀ ಎಚ್ಚರವಿರುವವರು ಎಂದುಕೊಂಡಿದ್ದ ನನ್ನ ಸ್ನೇಹಿತರಿಗೆ, ಸಂಜೆ ಐದಕ್ಕೆ ಟಿಫನ್ ಕ್ಯಾರಿಯರ್ ಹಿಡಿದು ಮದ್ದೂರು ಬಸ್ಸು ಹತ್ತುವ ನನ್ನನ್ನು ಕಂಡರೆ ನಗು.

ಐದಕ್ಕೆ ಸರಿಯಾಗಿ ಗೇಟಿನ ಬಳಿ ಬೋರಣ್ಣನವರ ಸ್ಕೂಟರಿನ ಸದ್ದು ಕೇಳುತ್ತಿತ್ತು. ಬೋರಣ್ಣ ಮೇಡಂ ಅವರ ಗಂಡ. ಇಬ್ಬರದೂ ಕೊತ್ತತ್ತಿ, ಒಂದೇ ಬೀದಿ, ದೂರದ ಸೋದರ ಸಂಬಂಧ. ಬೋರಣ್ಣ ಗದ್ದೆ ಮಾಡುತ್ತಿದ್ದರು. ನಾಲೆ ನೀರಿನ ಗದ್ದೆ. ಕತ್ತಲಾಗುವುದರೊಳಗೆ ಹೆಂಡತಿಯನ್ನು ಮನೆ ಮುಟ್ಟಿಸಬೇಕೆಂಬ ಒಂದು ಕೆಲಸಕ್ಕೆ ಅವರು ಯಾವತ್ತೂ ತಪ್ಪಿದವರಲ್ಲ. ಕಾಲಿಗೆ ಕೆಸರು ಮೆತ್ತಿಕೊಂಡೇ ಬಂದು, "ಆಯ್ತೇನಮ್ಮಿ ನಿನ್ ಚುಕ್ಕಿ ಮೇಸಿದ್ದು?" ಎಂದು ಕಿಟಕಿಯ ಆಚೆಯಿಂದ ಕೂಗುತ್ತಿದ್ದರು. ಮೇಡಂ, "ತಡಿಯೋ, ಇನ್ನೊಂದ್ ಗಳಿಗೆ" ಎನ್ನುತ್ತಿದ್ದರು. "ಸೂರ್ಯ ತಡೀತಾನಾ?" ಎನ್ನುತ್ತಿದ್ದರು ಬೋರಣ್ಣ. ಇದು ದಿನವೂ ನಡೆಯುವ ಮಾತು, ಒಂದಕ್ಷರವೂ ಬದಲಾಗುತ್ತಿರಲಿಲ್ಲ.

ಮೇಡಂಗೆ ಪುಸ್ತಕದ ಪದಗಳು ಬಾಯಿಗೆ ಬರುತ್ತಿರಲಿಲ್ಲವೆಂದಲ್ಲ, ಅವುಗಳ ಮೇಲೆ ನಂಬಿಕೆ ಇರಲಿಲ್ಲ. ನಾವು ಹುಟ್ಟಿಸಿದ ಜೋಡಿಗಳ ಗುಂಪಿಗೆ ಅವರು 'ಮಂದೆ' ಎನ್ನುತ್ತಿದ್ದರು. ಮಳವಳ್ಳಿ ಕಡೆಯ ಬಂಡೂರು ಅವರ ಅಜ್ಜಿಯ ಊರು. ಸೇರಿದ ಹೊಸತರಲ್ಲಿ ಒಂದು ಭಾನುವಾರ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಕುಳ್ಳಗೆ ದುಂಡಗೆ ಪೀಪಾಯಿಯಂತಿದ್ದ ಕುರಿಗಳ ನಡುವೆ ನಿಲ್ಲಿಸಿ ಪಾಠ ಮಾಡಿದ್ದರು. "ಒಂದು ಕುರಿ ನೋಡಿದ್ರೆ ಆ ಕುರಿ ಗೊತ್ತಾಗ್ತದೆ, ಅಷ್ಟೆ. ಮಂದೆ ನೋಡು. ಮರಿ ಎಷ್ಟು, ಮುದಿ ಎಷ್ಟು, ಕುಂಟೋದು ಎಷ್ಟು. ಆಗ ಹಿಂದಿನ ವರ್ಷಗಳಲ್ಲಿ ಏನಾಗಿತ್ತು ಅಂತ ಗೊತ್ತಾಗ್ತದೆ." ನಾನು ಹೊಸ ಶೂ ಹಾಕಿಕೊಂಡು ಹೋಗಿದ್ದೆ. ಪಾಠ ತಲೆಗೆ ಹತ್ತಿತು. ಶೂಗೆ ಹತ್ತಿದ್ದು ವಾರವಾದರೂ ಹೋಗಲಿಲ್ಲ.

ಜೋಡಿಯಲ್ಲಿ ಒಂದು ಉಬ್ಬಿ ಇನ್ನೊಂದನ್ನೂ ಒಳಗೆ ಸೇರಿಸಿಕೊಳ್ಳುವ ಘಟ್ಟ ಒಂದಿದೆ. ಅದಕ್ಕೆ ಅವರಿಟ್ಟ ಹೆಸರು 'ಒಂದೇ ಕಂಬಳಿ'. "ಇಬ್ರೂ ಒಂದೇ ಕಂಬಳಿ ಒಳಗೆ ಸೇರ್ಕೊತಾರೆ. ಸೆಕೆ ತಡೀದೆ ಅದನ್ನ ಒದ್ದು ಬಿಸಾಕ್ತಾರೆ. ಅಷ್ಟೊತ್ಗೆ ಹತ್ರ ಬಂದುಬುಟ್ಟಿರ್ತಾರೆ." ತರಗತಿಯಲ್ಲಿ ಹುಡುಗರು ಕಿಸಕ್ಕೆಂದರೆ, "ನಗ್ರಪ್ಪ, ಪರೀಕ್ಷೆಲಿ ಬರೀವಾಗ ಮರೀಬೇಡಿ" ಎಂದು ಮುಂದುವರಿಯುತ್ತಿದ್ದರು.

ನಾನು ಸೇರಿದ ಎರಡನೆಯ ವರ್ಷ ಒಂದು ಮಧ್ಯಾಹ್ನ, ಮೇಡಂ ಮೇಜಿನ ಮೇಲಿದ್ದ ನೀರಿನ ಲೋಟಕ್ಕೆ ಕೈ ಹಾಕಲು ಹೋಗಿ ಅದನ್ನು ಕೆಡವಿದರು. ಪಕ್ಕದಲ್ಲೇ ಇತ್ತು, ಆದರೂ ಕಂಡಿರಲಿಲ್ಲ. ಆಗ ಹೇಳಿದರು. ಇರುಳುಗಣ್ಣು ಅಲ್ಲಿಗೇ ನಿಲ್ಲುವ ಕಾಯಿಲೆಯಲ್ಲವಂತೆ. ಹಗಲಿನ ನೋಟವೂ ಸುತ್ತಲಿಂದ ಕಿರಿದಾಗುತ್ತ ಬರುತ್ತಿತ್ತು. ಕೊಳವೆಯೊಳಗಿಂದ ನೋಡಿದ ಹಾಗೆ, ನಡುವಿನ ಒಂದಿಷ್ಟು ಮಾತ್ರ ಉಳಿದಿತ್ತು. ಅದೂ ಮುಚ್ಚುತ್ತದೆ, ಔಷಧಿಯಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಇದನ್ನು ಹೇಳಿ ಮೇಡಂ ಬಟ್ಟೆ ತೆಗೆದುಕೊಂಡು ಮೇಜು ಒರೆಸಿದರು. "ನನಗೆ ಒಂದೇ ಆಸೆ ಕಣಪ್ಪ. ನಾವು ಹುಟ್ಟಿಸಿದ ಮಂದೆ ನಿಜವಾದ ಮಂದೆ ಮೇಲೆ ಸರಿಯಾಗಿ ಕೂತ್ಕೊಳ್ಳೋದನ್ನ ಈ ಕಣ್ಣಲ್ಲಿ ಒಂದ್ಸಾರಿ ನೋಡ್ಬೇಕು. ಆಮೇಲೆ ಮುಚ್ಕೊಳ್ಲಿ ಬುಡು." ಆ ದಿನದಿಂದ, ಎರಡೂ ಮಂದೆಗಳನ್ನು ಒಂದೇ ಹಾಳೆಯ ಮೇಲೆ ತೋರಿಸುವ ಆ ಚಿತ್ರ ನನ್ನ ಪದವಿಗಾಗಿ ಎನ್ನುವುದು ನನಗೆ ಮರೆತೇಹೋಯಿತು.

ಆ ಚಿತ್ರ ಸರಳವಾದದ್ದೇ. ಹಾಳೆಯ ಉದ್ದಕ್ಕೆ, ಜೋಡಿ ಒಂದು ಸುತ್ತು ಸುತ್ತಲು ಹಿಡಿಯುವ ಕಾಲ. ಎತ್ತರಕ್ಕೆ, ಶ್ವೇತಕುಬ್ಜದ ತೂಕ. ಒಂದು ಜೋಡಿಗೆ ಒಂದು ಚುಕ್ಕಿ. ನಿಜವಾದ ಜೋಡಿಗಳಿಗೆ ದಪ್ಪ ಚುಕ್ಕಿ, ನಮ್ಮವಕ್ಕೆ ಸಣ್ಣ ಚುಕ್ಕಿ. ಎರಡೂ ಒಂದರ ಮೇಲೊಂದು ಬೀಳಬೇಕು, ಅಷ್ಟೆ. ಬೀಳಲಿಲ್ಲ. ನಮ್ಮ ಶ್ವೇತಕುಬ್ಜಗಳು ಹೊಟ್ಟೆಬಾಕರಂತೆ ತೂಕ ಏರಿಸಿಕೊಂಡು ಹಾಳೆಯ ಮೇಲ್ತುದಿಗೆ ಹೋಗಿ ಕುಳಿತವು. ಎಷ್ಟೋ ಜೋಡಿಗಳು ತೂಕ ತಡೆಯದೆ ಸಿಡಿದೇ ಹೋದವು. ನಿಜವಾದ ಆಕಾಶದಲ್ಲಿ ಅಷ್ಟು ಸಿಡಿಯುವುದಿಲ್ಲ.

ತಿಂಗಳುಗಟ್ಟಲೆ ಹುಡುಕಿದೆವು. ಕರೆಂಟು ಹೋದಾಗ ಹೊರಗೆ ಹೊಂಗೆ ಮರದಡಿ ಕುಳಿತು ಹುಡುಕಿದೆವು. ಈ ನಡುವೆ ಮೇಡಂ ಹಾಳೆಯನ್ನು ಒಂದೇ ನೋಟಕ್ಕೆ ನೋಡಲಾಗದೆ, ತಲೆಯನ್ನು ಮೆಲ್ಲಗೆ ಆ ತುದಿಯಿಂದ ಈ ತುದಿಗೆ ಆಡಿಸುತ್ತ ಓದತೊಡಗಿದ್ದರು. ಅದನ್ನು ನೋಡಿ ತಡೆಯಲಾರದೆ ನಾನೊಂದು ದಾರಿ ಹೇಳಿದೆ. ಕಂಬಳಿಯ ಲೆಕ್ಕದಲ್ಲಿ ನಮಗೆ ಖಚಿತವಾಗಿ ತಿಳಿಯದ ಒಂದು ಸಂಖ್ಯೆ ಇತ್ತು. ಅದನ್ನು ಅತ್ತಿತ್ತ ತಿರುಗಿಸಿದರೆ ಚುಕ್ಕಿಗಳು ಕೆಳಗೆ ಬಂದು ಕೂರುತ್ತಿದ್ದವು. ಯಾರೂ ಪ್ರಶ್ನಿಸುವ ಹಾಗಿರಲಿಲ್ಲ. ವಾರದಲ್ಲಿ ಚಿತ್ರ ಸಿದ್ಧ, ಮೇಡಂ ಕಣ್ಣಿಗೂ ಸಿಗುತ್ತದೆ.

ಮೇಡಂ ಹಾಳೆಯನ್ನು ಮತ್ತೊಮ್ಮೆ ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಆಸೆಯಾಗಿತ್ತು ಅವರಿಗೆ, ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ, "ನನ್ ಕಣ್ಣು ಮುಚ್ತದೆ ಅಂತ ನಕ್ಷತ್ರದ ಕೈಲಿ ಸುಳ್ಳು ಏಳ್ಸಕ್ಕಾಗ್ತದೇನಪ್ಪ?" ಎಂದರು. ಬೈಗುಳವಲ್ಲ, ನಿಜವಾಗಿಯೂ ಕೇಳುತ್ತಿದ್ದಾರೆ ಎನ್ನಿಸಿತು. ನಾನು ಆ ಸಂಖ್ಯೆಯನ್ನು ಮುಟ್ಟಲಿಲ್ಲ.

ತಪ್ಪು ಸಿಕ್ಕಿದ್ದು ಹರಟೆಯಲ್ಲಿ. ಅವರು ಎಷ್ಟೋ ವರ್ಷದ ಹಿಂದೆ ಬರೆದಿದ್ದ ಪ್ರೋಗ್ರಾಮಿನಲ್ಲಿ ಒಂದು ಸಂಖ್ಯೆಯ ಹೆಸರು 'ಮುಯ್ಯಿ'. ದೊಡ್ಡ ನಕ್ಷತ್ರ ಉಬ್ಬಿದಾಗ ತನ್ನದನ್ನು ಚಿಕ್ಕದಕ್ಕೆ ಸುರಿಯುತ್ತದೆ. ಕಾಲ ಕಳೆದ ಮೇಲೆ ಚಿಕ್ಕದು ಉಬ್ಬಿ, ಅಷ್ಟರಲ್ಲಿ ಶ್ವೇತಕುಬ್ಜವಾಗಿರುವ ಮೊದಲನೆಯದಕ್ಕೆ ವಾಪಸ್ಸು ಸುರಿಯುತ್ತದೆ. ಮೇಡಂ ಅದನ್ನೇ ಮುಯ್ಯಿ ಎಂದು ಕರೆದಿದ್ದರು. ಕೊಟ್ಟದ್ದರಲ್ಲಿ ಎಷ್ಟು ಪಾಲು ಹೋಗಿ ಸೇರುತ್ತದೆ ಎಂಬುದು ಆ ಸಂಖ್ಯೆ. ಅದರ ಬೆಲೆ ಒಂದು. ಎಂದರೆ ಪೂರ್ತಿ.

ಅವತ್ತು ಊಟದ ಹೊತ್ತಿನಲ್ಲಿ ನಾನು ತಮಾಷೆಗೆ, "ಮೇಡಂ, ಈ ಮುಯ್ಯಿ ವಿಷಯದಲ್ಲಿ ನಕ್ಷತ್ರಗಳು ನಮ್ಮ ನೆಂಟರಿಗಿಂತ ವಾಸಿ. ನಮ್ಮಜ್ಜಿ ಯಾವ ಮದುವೆಗೆ ಹೋದರೂ ಬಿಂದಿಗೆ ಮುಯ್ಯಿ ಮಾಡೋರು, ನಮ್ಮನೆಗೆ ವಾಪಸ್ ಬರೋದು ಲೋಟ" ಎಂದೆ. ನಮ್ಮ ಪೇಟೆ ಮನೆಯಲ್ಲಿ ಮುಯ್ಯಿ ಎಂದರೆ ಮದುವೆ ಮುಂಜಿಗಳ ಉಡುಗೊರೆ. ಬೇರೆ ಅರ್ಥ ನನಗೆ ಗೊತ್ತಿರಲಿಲ್ಲ.

ಮೇಡಂ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. "ಲೋಟ ಬಂದ್ರೆ ಸುಮ್ನಿರ್ತಿದ್ರಾ?"

"ಬೈದುಕೊಂಡು ಸುಮ್ಮನಾಗೋರು. ಇನ್ನೇನು ಮಾಡ್ತಾರೆ?"

"ನಮ್ಮೂರಲ್ಲಿ ಅಂಗಲ್ಲ ಕಣಪ್ಪ. ಮುಯ್ಯಿ ಅಂದ್ರೆ ಆಳು. ಅವರ ನಾಟಿಗೆ ನಮ್ಮನೆಯಿಂದ ಒಂದಾಳು ಹೋದ್ರೆ, ನಮ್ಮ ನಾಟಿಗೆ ಅವರ ಮನೆಯಿಂದ ಒಂದಾಳು ಬರ್ಲೇಬೇಕು. ಕಾಯಿಲೆ ಬಿದ್ರೂ ಮಗನ್ನಾದ್ರೂ ಕಳಿಸ್ತಾರೆ. ಅರ್ಧ ಆಳು ಅಂತ ಇಲ್ಲ..." ಎಡಗೈಯಿಂದ ಹಣೆ ಒತ್ತಿಕೊಂಡರು. "ಅಯ್ಯೋ ನನ್ನ! ಅದಕ್ಕೇ ಒಂದು ಅಂತ ಇಟ್ಟೆ ನಾನು. ಪೂರ್ತಿ ಸೇರಾಕಿಲ್ಲ, ಶ್ವೇತಕುಬ್ಜದ ಮೇಲೆ ಬಿದ್ದಿದ್ದು ಹತ್ಕೊಂಡು ಉರಿದು ಆಚೆಗೆ ಚೆಲ್ಲೋಯ್ತದೆ ಅಂತ ಎಷ್ಟು ಪೇಪರಲ್ಲಿ ಓದಿಲ್ಲ! ಓದಿದ್ದೆ ಕಣಪ್ಪ. ನಂಬಿರ್ಲಿಲ್ಲ."

ಕೊತ್ತತ್ತಿಯಲ್ಲಿ ಹುಟ್ಟದ ಯಾರೂ ಆ ತಪ್ಪು ಮಾಡುತ್ತಿರಲಿಲ್ಲ. ನನಗೆ ನಗು ಬಂತು, ಮೇಡಂಗೂ ಬಂತು. ನಗುತ್ತ ನಗುತ್ತ ಅವರ ಕಣ್ಣಲ್ಲಿ ನೀರು ತುಂಬಿತು. ತಪ್ಪು ತಿದ್ದುವುದು ಒಂದು ಸಂಖ್ಯೆ ಬದಲಿಸುವ ಕೆಲಸವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಿಧಾನವಾಗಿ ಸುರಿದರೆ ಎಷ್ಟು ಚೆಲ್ಲುತ್ತದೆ, ಜೋರಾಗಿ ಸುರಿದರೆ ಎಷ್ಟು ಉಳಿಯುತ್ತದೆ ಎಂದು ಅರ್ಧ ಪ್ರೋಗ್ರಾಮನ್ನೇ ಹೊಸದಾಗಿ ಬರೆಯಬೇಕಿತ್ತು. ಆಮೇಲೆ ಇಡೀ ಮಂದೆಯನ್ನು ಮತ್ತೆ ಹುಟ್ಟಿಸಬೇಕಿತ್ತು. ಅಷ್ಟು ಕಾಲ ಅವರ ಕಣ್ಣಿಗೆ ಇರಲಿಲ್ಲ.

ಇರಲಿಲ್ಲ. ವರ್ಷದ ಮೇಲೆ ಹಿಡಿಯಿತು. ಆ ಅವಧಿಯಲ್ಲಿ ಮೇಡಂ ನಿವೃತ್ತರಾದರು. ನಾನು ಸಾಲು ಸಾಲಾಗಿ ಓದಿ ಹೇಳುವುದು, ಅವರು ಕಣ್ಣು ಮುಚ್ಚಿಕೊಂಡು ತಿದ್ದುವುದು ರೂಢಿಯಾಯಿತು. ಕೊನೆಗೆ ಕಣ್ಣು ಮುಚ್ಚಿದರೂ ತೆರೆದರೂ ಒಂದೇ ಆಯಿತು. ಹೊಸ ಚಿತ್ರ ಪರದೆಯ ಮೇಲೆ ಮೂಡಿದ ದಿನ ನಾನೊಬ್ಬನೇ ಇದ್ದೆ. ಚುಕ್ಕಿಗಳು ಇಳಿದು ಬಂದು ನಿಜವಾದವುಗಳ ಮೇಲೆ ಕುಳಿತಿದ್ದವು. ನನಗೆ ಸಂತೋಷವಾಗಲಿಲ್ಲ. ಯಾರಿಗೆ ತೋರಿಸಬೇಕಿತ್ತೋ ಅವರಿಗೆ ತೋರಿಸುವಂತಿರಲಿಲ್ಲ.

ಹಾಳೆ ಸುತ್ತಿಕೊಂಡು ಕೊತ್ತತ್ತಿಗೆ ಹೋದೆ. ಜಗಲಿಯ ಮೇಲೆ ಬೋರಣ್ಣ ಭತ್ತದ ಚೀಲಗಳ ಬಾಯಿ ಹೊಲಿಯುತ್ತಿದ್ದರು. ಹಾಳೆ ನೋಡಿದರು, ನನ್ನ ಮುಖ ನೋಡಿದರು, ಕೈಯಲ್ಲಿದ್ದ ದಬ್ಬಳ ನೋಡಿದರು. "ಐನೋರೇ, ದಪ್ಪ ಚುಕ್ಕಿಗೆ ಇದು ಆಯ್ತದೆ. ಸಣ್ಣ ಚುಕ್ಕಿಗೆ ರವಿಕೆ ಸೂಜಿ ತತ್ತೀನಿ. ಇಂದ್ಲಿಂದ ಚುಚ್ಚಿದ್ರೆ ಮುಂದಕ್ಕೆ ಉಬ್ತದೆ, ಅವ್ಳು ಬೆರಳಲ್ಲಿ ನೋಡ್ಲಿ" ಎಂದರು.

ಕ್ಯಾಲೆಂಡರಿನ ದಪ್ಪ ಹಾಳೆ ತಂದು, ಸಣ್ಣ ಚುಕ್ಕಿಗಳಲ್ಲಿ ಅಲ್ಲಲ್ಲಿ ಒಂದೊಂದನ್ನಷ್ಟೇ ಆರಿಸಿ ನಾನು ಗುರುತು ಹಾಕಿದೆ, ಬೋರಣ್ಣ ಚುಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಮುಗಿಸಿ ತಿರುಗಿಸಿದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ! ಹಿಂದಿನಿಂದ ಚುಚ್ಚಿದರೆ ಚಿತ್ರ ಮಗುಚಿಕೊಳ್ಳುತ್ತದೆಂದು ನನಗೆ ಹೊಳೆದಿರಲಿಲ್ಲ. "ಪಿಎಚ್‌.ಡಿ. ಅಂತೆ" ಎಂದರು ಬೋರಣ್ಣ, ಒಳಗಿದ್ದ ಮೇಡಂಗೆ ಕೇಳದಂತೆ. ಇನ್ನೊಂದು ಹಾಳೆ ತಂದು ಮೊದಲಿನಿಂದ ಶುರು ಮಾಡಿದೆವು. ಬಿಸಿಲು ಇಳಿಯುವ ಹೊತ್ತಿಗೆ ಮುಗಿಯಿತು.

ಮೇಡಂ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯ ಬೆರಳುಗಳನ್ನು ಆಡಿಸಿದರು. ಮೊದಲು ಬೇಗ ಬೇಗ, ಆಮೇಲೆ ನಿಧಾನ. ದಬ್ಬಳದ ಚುಕ್ಕಿ, ಅದರ ಸುತ್ತ ಸೂಜಿಯ ಚುಕ್ಕಿಗಳು. ದಬ್ಬಳ, ಸೂಜಿ. "ಕೂತವೆ ಕಣೋ" ಎಂದರು, ನನಗಲ್ಲ, ಬೋರಣ್ಣನಿಗೆ. "ಕೂತವೆ."

ಒಂದು ಮೂಲೆಗೆ ಹೋದ ಬೆರಳು ನಿಂತಿತು. ಅಲ್ಲಿ ಸೂಜಿಯ ಚುಕ್ಕಿಗಳಿದ್ದವು, ದಬ್ಬಳದ್ದು ಒಂದೂ ಇರಲಿಲ್ಲ. ನನಗೂ ಅದು ಗೊತ್ತಿತ್ತು; ಅವರ ಸಂತೋಷ ಕೆಡಿಸುವುದು ಬೇಡವೆಂದು ಹೇಳಿರಲಿಲ್ಲ. "ಈ ಮೂಲೆ ತಪ್ಪು" ಎಂದರು ಮೇಡಂ. ನಾನು, ಇನ್ನಾರು ತಿಂಗಳು ಕೊಡಿ, ಅದನ್ನೂ ಸರಿ ಮಾಡುತ್ತೇನೆ ಎಂದೆ. ಅವರು ತಲೆಯಾಡಿಸಿದರು. "ಆ ಮೂಲೆ ಇರ್ಲಿ ಬುಡು. ಇಂಗೆ ಬರಿ, ಇದು ತಪ್ಪಾಗದೆ, ಯಾಕೆ ಅಂತ ಗೊತ್ತಿಲ್ಲ ಅಂತ. ಮುಂದಿನೋರು ಬರಾಕೆ ಒಂದು ನೆಪ ಬೇಕಲ್ಲ."

ಆಮೇಲೆ ಗಂಡನ ಕಡೆ ಮುಖ ತಿರುಗಿಸಿ, "ನಿನ್ ಮುಯ್ಯಿ ಮಾತ್ರ ತೀರಿಸ್ಲಿಲ್ಲ ಕಣೋ ನಾನು. ಇಷ್ಟು ವರ್ಷ ಸಾಯಂಕಾಲ ಆದ್ರೆ ಬಂದೆ. ನಾನು ನಿನಗೆ ಏನು ಮಾಡ್ದೆ?" ಎಂದರು.

ಬೋರಣ್ಣ ದಬ್ಬಳಕ್ಕೆ ಮತ್ತೆ ಸುತಲಿ ಪೋಣಿಸುತ್ತಿದ್ದರು. "ಮುಯ್ಯಿ ಸಮ ಮಾಡ್ಬಾರ್ದು ಕಣಮ್ಮಿ. ನಮ್ಮವ್ವ ಏಳೋಳು. ಸಮ ಆದ್ರೆ ಮುಗೀತು, ಯಾರೂ ಯಾರ್ ಮನೆಗೂ ಬರಾಕಿಲ್ಲ. ಒಂದೀಟು ಬಾಕಿ ಇಕ್ಕೊಂಡಿರ್ಬೇಕು." ಮೇಡಂ ಬೆರಳು ಮತ್ತೆ ಹಾಳೆಯ ಮೇಲೆ ಓಡಾಡತೊಡಗಿತು. ನಾನು ಹೊರಡುವಾಗಲೂ ಹಾಗೇ ಕುಳಿತಿದ್ದರು. ಅದೇ ನಾನು ಅವರನ್ನು ಕಡೆಯ ಸಲ ನೋಡಿದ್ದು.

ನನ್ನ ಪ್ರಬಂಧ ಒಪ್ಪಿಗೆಯಾಯಿತು. ಅದರಲ್ಲಿ ಆ ಮೂಲೆಯ ಬಗ್ಗೆ ಅವರು ಹೇಳಿದ ಹಾಗೆಯೇ ಬರೆದಿದ್ದೇನೆ. ಸುದ್ದಿ ಹೇಳಲು ಫೋನು ಮಾಡಿದಾಗ ಅವರ ಬಾಯಲ್ಲಿ "ಒಳ್ಳೇದಾಯ್ತು ಕಣಪ್ಪ" ಎನ್ನುವ ಒಂದು ಮಾತು ಕೇಳಿದೆ. ಆಮೇಲೆ ಹದಿನೈದು ದಿನಕ್ಕೆ, ಬೆಳಗ್ಗೆ ಕಾಫಿ ಕುಡಿದು ಜಗಲಿಯ ಮೇಲೆ ಕುಳಿತವರು ಹಾಗೆಯೇ ಹೋಗಿಬಿಟ್ಟರು. ನಾನು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಅಳುವುದಕ್ಕೂ ತಡವಾಗಿ ಹೋದವನಂತೆ ಬೋರಣ್ಣನವರ ಎದುರು ನಿಂತಿದ್ದೆ.

ಈ ಸಲ ನಾಲೆಗೆ ನೀರು ಬಿಟ್ಟ ವಾರದಲ್ಲಿ ಅವರಿಂದ ಫೋನು ಬಂತು. "ಐನೋರೇ, ನಾಳೆ ನಾಟಿ. ನಿಮ್ ಚುಕ್ಕಿಗೆ ಒಂದ್ ದಿನ ಪೂರ್ತಿ ದಬ್ಬಳ ಇಡ್ದಿವ್ನಿ. ಒಂದಾಳು ಮುಯ್ಯಿ ಬಾಕಿ ಅದೆ ನಿಮ್ ಮ್ಯಾಲೆ." ತಮಾಷೆಯೋ ನಿಜವೋ ತಿಳಿಯಲಿಲ್ಲ. ನಾನೀಗ ಪಾಠ ಮಾಡುವ ಕಾಲೇಜಿಗೆ ರಜೆ ಹಾಕಿ ಹೋದೆ. ಬದುವಿನ ಮೇಲೆ ಶೂ ಬಿಟ್ಟು, ಪ್ಯಾಂಟು ಮಡಚಿ ಕೆಸರಿಗೆ ಇಳಿದೆ. ಬೀದಿಯ ಹೆಂಗಸರೆಲ್ಲ ನಾಟಿ ನಿಲ್ಲಿಸಿ ನೋಡಿದರು. ಒಬ್ಬಾಕೆ, "ಅರ್ಚಕರ ಮಗ ಕಣ್ರಮ್ಮಿ, ಪೈರಿಗೆ ಮಂತ್ರ ಏಳ್ತಾರೆ" ಎಂದು ನಗಿಸಿದಳು. ನನ್ನ ಸಾಲು ಹಾವು ಹರಿದಂತಿತ್ತು. ಬೋರಣ್ಣ ಹಿಂದಿನಿಂದ ಬಂದು ಅದನ್ನು ತಿದ್ದುತ್ತ ಹೋದರು.

ಮೂರೂವರೆ ನಾಲ್ಕರ ಹೊತ್ತಿಗೆ ಗದ್ದೆಯ ಒಂದು ಮೂಲೆ ಉಳಿದಿತ್ತು. ಪೈರಿನ ಕಟ್ಟು ಎತ್ತಿಕೊಂಡು ಅತ್ತ ಹೊರಟ ನನ್ನ ಕೈಯಿಂದ ಬೋರಣ್ಣ ಅದನ್ನು ತೆಗೆದುಕೊಂಡರು. ಸ್ಕೂಟರು ಬದುವಿನಾಚೆ ನಿಂತಿತ್ತು. ಅವರು ಒಮ್ಮೆ ಅದನ್ನು, ಒಮ್ಮೆ ಇಳಿಯುತ್ತಿದ್ದ ಬಿಸಿಲನ್ನು ನೋಡಿದರು. ನಲವತ್ತು ವರ್ಷದ ಅಭ್ಯಾಸ.

"ಇನ್ನೂ ಬೆಳಕಿದೆಯಲ್ಲ ಬೋರಣ್ಣ, ಮುಗಿಸಿಬಿಡ್ತೀನಿ" ಎಂದೆ.

"ಬ್ಯಾಡ. ಕತ್ಲಾಗೋದ್ರೊಳಗೆ ಮನೆ ಸೇರ್ಕಳಿ" ಎಂದರು. ಕಟ್ಟನ್ನು ನೀರಿಗಿಟ್ಟು, ಸೊಂಟ ನೆಟ್ಟಗೆ ಮಾಡಿಕೊಂಡರು. "ಆ ಮೂಲೆ ಇರ್ಲಿ ಬುಡಿ. ಅರ್ಧಾಳು ಬಾಕಿ ನಿಮ್ ಮ್ಯಾಲೇ ಇರ್ಲಿ."